ಕಡಲೆಬೇಳೆ ಹೆಚ್ಚಾಗಿದೆ

ಪಂಚಾಕ್ಷರಪ್ಪನ ಕಿರಾಣಿ ಅಂಗಡಿಗೆ ಜನ ಬರುತ್ತಿದ್ದದ್ದು ಸಾಮಾನಿಗಾಗಿ, ಮಾತಿಗಾಗಿ ಅಲ್ಲ. ತೂಕದಲ್ಲಿ ಮೋಸವಿಲ್ಲ, ಬೇಳೆಯಲ್ಲಿ ಕಲ್ಲಿಲ್ಲ. ಬಾಯಿ ಮಾತ್ರ ಮೆಣಸಿನಕಾಯಿ ಮೂಟೆ. ಗಿರಾಕಿ ಎರಡು ಸಲ ಬೆಲೆ ಕೇಳಿದರೆ ಸಾಕು, ಭಿಕ್ಷುಕರಿಗೆ ಹೇಳುವ ಹಾಗೆ "ಮುಂದೆ ಹೋಗ್ರಿ" ಎನ್ನುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು, ಯಾಕೆಂದರೆ ದಾವಣಗೆರೆಯ ಆ ಬೀದಿಯಲ್ಲಿ ಮುಂದೆ ಹೋದರೆ ಬೇರೆ ಅಂಗಡಿ ಇರಲಿಲ್ಲ. ೧೯೮೩ರಲ್ಲಿ ಒಂದು ಬಂತು. ಗಾಜಿನ ಭರಣಿ, ಟ್ಯೂಬ್‌ಲೈಟು, "ಬರ್ರಿ ಅಕ್ಕಾರೆ, ಕೂಡ್ರಿ" ಎನ್ನುವ ಮಾಲೀಕ. ದೇವರಾಜ ಅರಸು ಬಡಾವಣೆಯ ಹೊಸ ಮನೆಗಳ ಹೆಂಗಸರು ಪಂಚಾಕ್ಷರಪ್ಪನ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಅವನೇ ಹೇಳಿದ್ದನಲ್ಲ.

ಅಂಗಡಿಯ ಹಿಂದೆಯೇ ಮನೆ. ಮನೆಯಲ್ಲಿ ಹೆಂಡತಿ ಅನ್ನಪೂರ್ಣಮ್ಮ, ಒಬ್ಬನೇ ಮಗ ವಾಮದೇವಪ್ಪ, ಮೂರು ವರ್ಷದ ಹಿಂದೆ ನಂದಿಗುಡಿಯಿಂದ ಬಂದ ಸೊಸೆ ಕೊಟ್ರವ್ವ. ಅಂಗಡಿಯಲ್ಲಿ ತೂಕಕ್ಕೆ ಶಬ್ಬೀರ್. ಹದಿನೈದು ವರ್ಷದಿಂದ ಅಲ್ಲೇ ಇದ್ದ ಅವನಿಗೆ ಸಾಹುಕಾರನ ಬೈಗುಳ ಗಡಿಯಾರದ ಟಿಕ್ ಟಿಕ್ ಇದ್ದ ಹಾಗೆ, ಕೇಳಿಸುತ್ತಲೇ ಇರಲಿಲ್ಲ.

ಗಣಪತಿ ಹಬ್ಬ ಮುಗಿದ ವಾರ ಹರಿಹರದಲ್ಲಿ ವರ್ತಕರಿಗೆಂದು ಮೂರು ದಿನದ ಶಿಬಿರ ನಡೆಯಿತು. ಗಿರಾಕಿಗಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕಾರ್ಖಾನೆಯ ಅಧಿಕಾರಿಯೊಬ್ಬರು ಪಾಠ ಹೇಳಿದರು. ವಾಮದೇವಪ್ಪ ದಿನಾ ಬಸ್ಸಿನಲ್ಲಿ ಹೋಗಿ ಬಂದು, ಮೂರನೇ ದಿನ ಒಂದು ನೋಟ್‌ಬುಕ್ ಹಿಡಿದು ಊಟಕ್ಕೆ ಕೂತ.

"ಅಪ್ಪ, ನಮ್ಮ ಅಂಗಡಿಗೆ ಗುರಿ ಬೇಕು."

"ಗುರಿ ಇಟ್ಟು ಹೊಡಿಯಾಕೆ ಹಂದಿ ಬಂದಾವೇನು ಅಂಗಡಿಗೆ?"

"ಹಂಗಲ್ಲ. ಗುರಿ ಅಂದ್ರೆ ಎಣಿಸಾಕೆ ಬರಬೇಕು, ಅದಕ್ಕೊಂದು ತಾರೀಕು ಇರಬೇಕು. ನಾನು ಮೂರು ಬರ್ದೀನಿ. ಒಂದು, ಗಿರಾಕಿ ಬಂದ್ರೆ ಹತ್ತು ಎಣಿಸೋದ್ರೊಳಗೆ ಮಾತಾಡಿಸಬೇಕು. ಎರಡು, 'ಇಲ್ಲ' ಅನ್ನೋ ಮಾತೇ ಅಂಗಡೀಲಿ ಇರಬಾರದು. ಯಾವತ್ತು ಬರ್ತೈತೆ ಅಂತ ಹೇಳಬೇಕು, ಬರ್ಕೋಬೇಕು. ದೀಪಾವಳಿ ಹೊತ್ತಿಗೆ ಒಬ್ಬರೂ ಬರಿಗೈಲಿ ಹೋಗಬಾರದು. ಮೂರು, ಯಾರಿಗೂ ಬೈಬಾರದು."

ಪಂಚಾಕ್ಷರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಮೂರನೇದು ನನ್ನೊಬ್ಬನಿಗೇ ಬರ್ದಿದ್ದಲ್ಲ?"

"ಹೌದು."

ಅನ್ನಪೂರ್ಣಮ್ಮ ಸೆರಗಿನಲ್ಲಿ ನಗು ಒರೆಸಿಕೊಂಡಳು. ಗಂಡ ಅವಳ ಕಡೆ ನೋಡಿದ. ಅವಳು ಶೇಂಗಾ ಚಟ್ನಿ ಬಡಿಸಿದಳು.

"ಇನ್ನೊಂದೈತೆ," ಎಂದ ವಾಮದೇವಪ್ಪ. "ಬರೋರು ಹೆಚ್ಚು ಹೆಣ್ಮಕ್ಕಳು. ಸಂಜೆ ನಾಲ್ಕರಿಂದ ಏಳರ ತನಕ ಕೊಟ್ರವ್ವ ಅಂಗಡೀಲಿ ಕೂಡ್ರಲಿ. ಎಸ್ಸೆಸ್ಸೆಲ್ಸಿ ಪಾಸಾಗ್ಯಾಳೆ."

ಈಗ ರೊಟ್ಟಿ ನಿಂತದ್ದು ಅನ್ನಪೂರ್ಣಮ್ಮನ ಕೈಯಲ್ಲಿ. "ನಾನು ಸೊಸೆ ತಂದಿದ್ದು ಮನೆಗೆ, ಅಂಗಡಿಗಲ್ಲ. ಸಂಜೆ ರೊಟ್ಟಿ ಯಾರು ಬಡೀತಾರೆ, ನಿನ್ನ ಹರಿಹರದ ಆಫೀಸರಾ?"

ಕೊಟ್ರವ್ವ ಒಲೆಯ ಮುಂದೆ ಇದ್ದಳು. ಮೂರು ವರ್ಷದಿಂದ ಈ ಮನೆಯಲ್ಲಿ ಅವಳು ಕೇಳಿದ ಪ್ರಶ್ನೆ ಒಂದೇ, "ಇನ್ನೊಂದು ರೊಟ್ಟಿ ಹಾಕ್ಲಾ?" ಇವತ್ತು ಎರಡನೆಯದು ಬಂತು.

"ಹಿಟ್ಟು ನಾದಿಟ್ಟು ಹೋದ್ರೆ ಆಗಲ್ವಾ ಅತ್ತೆಮ್ಮ?"

ಎಲ್ಲರೂ ಅವಳ ಕಡೆ ತಿರುಗಿದರು. ಅವಳಿಗೆ ಮನಸ್ಸಿದೆ ಎನ್ನುವುದು ಆ ಒಂದು ಮಾತಿನಲ್ಲೇ ಗೊತ್ತಾಯಿತು. ಪಂಚಾಕ್ಷರಪ್ಪ ಕೈ ತೊಳೆದು ಎದ್ದ. "ದೀಪಾವಳಿ ತನಕ ಕೂಡ್ರಲಿ. ಒಂದು ತಪ್ಪಾದ್ರೂ ವಾಪಸ್ ಒಲೆ ಮುಂದೆ. ಆಮೇಲೆ ಯಾರೂ ನನ್ನ ಹತ್ರ ಗುರಿ ಗಿರಿ ಅನ್ನಬಾರದು."

ಮಾರನೆಯ ದಿನವೇ ಗೋಡೆಗೆ ಒಂದು ಸ್ಲೇಟು ಬಂತು. ಗಿರಾಕಿ ಕೇಳಿದ ಸಾಮಾನು ಅಂಗಡಿಯಲ್ಲಿ ಸಿಗದಿದ್ದರೆ ಅವರ ಹೆಸರು, ಸಾಮಾನು ಅದರಲ್ಲಿ ಬರೆಯಬೇಕು. ಬೆಳಿಗ್ಗೆ ಮಂಡಿಪೇಟೆಗೆ ಸಗಟು ಖರೀದಿಗೆ ಹೋಗುವ ವಾಮದೇವಪ್ಪ ಅದನ್ನು ನೋಡಿಕೊಂಡು ಹೋಗಬೇಕು.

ಪಂಚಾಕ್ಷರಪ್ಪನಿಗೆ ಮೊದಲ ವಾರ ಜ್ವರ ಬಂದಂತಾಯಿತು. ಬೈಗುಳ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಶಬ್ಬೀರ್ ಉಪಾಯ ಹೇಳಿದ. "ಸಾವ್ಕಾರ್ರೆ, ಸಿಟ್ಟು ಬಂದಾಗ ಒಂದು ಲವಂಗ ಬಾಯಿಗೆ ಹಾಕ್ಕೊಳ್ರಿ. ಕಡಿಯೋ ತನಕ ಮಾತು ಬರಲ್ಲ."

ನಾಲ್ಕು ದಿನ ಬಿಟ್ಟು ಅನ್ನಪೂರ್ಣಮ್ಮ ಪಲಾವಿಗೆ ಲವಂಗ ಕೇಳಿದರೆ ಡಬ್ಬಿಯಲ್ಲಿ ಪುಡಿ ಮಾತ್ರ ಇತ್ತು.

"ಎಲ್ಲಿ ಹೋದವು?"

"ನಿಮ್ಮ ಯಜಮಾನ್ರು ಗುರಿ ಮುಟ್ಟಿದಾರೆ," ಎಂದ ಶಬ್ಬೀರ್.

ಕೊಟ್ರವ್ವನಿಗೆ ಲವಂಗ ಬೇಕಾಗಲಿಲ್ಲ. ಅರಸು ಬಡಾವಣೆಯಿಂದ ದಿಲ್ಷಾದ್ ಬೇಗಂ ಎಂಬ ಸ್ಕೂಲ್ ಟೀಚರು ಬಂದು ಎರಡು ಕಿಲೋ ತೊಗರಿಬೇಳೆ ಕೇಳಿದರು. ಕೊಟ್ರವ್ವ ಕಾಳನ್ನು ಬೆರಳಲ್ಲಿ ಉಜ್ಜಿ ನೋಡಿ ಹೇಳಿದಳು, "ಇದು ಹಳೇದು ಟೀಚರ್‌, ಬೇಯಾಕೆ ಹೊತ್ತಾಗ್ತೈತೆ. ಇವತ್ತಿಗೆ ಕಾಲು ಕಿಲೋ ಒಯ್ರಿ. ಗುರುವಾರ ಹೊಸದು ಬರ್ತೈತೆ, ಬರ್ಕೊಂಡಿರ್ತೀನಿ."

ಟೀಚರು ಹೋದ ಮೇಲೆ ಪಂಚಾಕ್ಷರಪ್ಪ ಲವಂಗವನ್ನು ಉಗಿದೇ ಬಿಟ್ಟ. "ಇರೋ ಸರಕು ಬ್ಯಾಡ ಅಂತ ಹೇಳಾಕೆ ನಿನ್ನ ಕೂಡ್ರಿಸಿದೀನಾ?"

"ಬೇಯದ ಬೇಳೆ ಒಯ್ದೋರು ಮತ್ತೆ ಬರಲ್ಲ ಮಾವಾರೆ. ಒಲೆ ಮುಂದೆ ಕೂತೋರು ಅಂಗಡಿಗೇ ಬೈತಾರೆ. ನಾನೂ ಬೈದೀನಿ."

"ಯಾವ ಅಂಗಡಿಗೆ?"

ಅವಳು ಬೇಳೆ ಮೂಟೆಯ ಬಾಯಿ ಮುಚ್ಚಿದಳು. ಮನೆಗೆ ಬೇಳೆ ಎಲ್ಲಿಂದ ಬರುತ್ತಿತ್ತು ಎಂದು ಅವನಿಗೆ ಆಮೇಲೆ ಹೊಳೆಯಿತು.

ಗುರುವಾರ ದಿಲ್ಷಾದ್ ಬೇಗಂ ಬಂದರು. ಒಬ್ಬರೇ ಅಲ್ಲ, ಪಕ್ಕದ ಮನೆಯ ಇಬ್ಬರನ್ನು ಕರೆದುಕೊಂಡು ಬಂದರು. ಪಂಚಾಕ್ಷರಪ್ಪ ಎದ್ದು ಗೋಡೆ ಕಡೆ ಮುಖ ಮಾಡಿ ದೇವರ ಪಟದ ಧೂಳು ಒರೆಸಿದ. ತಪ್ಪಾಯಿತು ಎಂದು ಒಪ್ಪಿಕೊಳ್ಳುವುದು ಅವನಲ್ಲಿ ಅಷ್ಟೇ.

ಅಂಗಡಿ ಸುಧಾರಿಸಿದ ಹಾಗೆಲ್ಲ ಊಟ ಕೆಟ್ಟಿತು. ಅನ್ನಪೂರ್ಣಮ್ಮನಿಗೆ ಮಂಡಿ ನೋವು. ಸಂಜೆ ನಾಲ್ಕು ಜನರ ರೊಟ್ಟಿ ಅವಳೊಬ್ಬಳೇ ಬಡಿದು, ಬುಟ್ಟಿಗೆ ಹಾಕಿ, ಬಟ್ಟೆ ಮುಚ್ಚಿಟ್ಟು, ಜಗುಲಿಯಲ್ಲಿ ಕಾಲು ಚಾಚುತ್ತಿದ್ದಳು.

"ರೊಟ್ಟಿ ಯಾಕ ತಣ್ಣಗಾಗೈತೆ?" ಎಂದು ಪಂಚಾಕ್ಷರಪ್ಪ ಒಂದು ದಿನ ಕೇಳಿದ.

"ಬಿಸಿ ರೊಟ್ಟಿ ಬಡಿಯೋಳು ಉಪ್ಪು ತೂಗ್ತಾ ಇದ್ಲು."

"ಪಲ್ಯಕ್ಕೆ ಖಾರ ಕಮ್ಮಿ."

"ಖಾರ ಎಲ್ಲ ಅಂಗಡೀಲೇ ಖರ್ಚಾಗೈತಂತೆ."

"ಅವ್ವ, ಮಜ್ಜಿಗೆ ನೀರು ನೀರು," ಎಂದ ವಾಮದೇವಪ್ಪ. ಅಲ್ಲಿಗೆ ಅನ್ನಪೂರ್ಣಮ್ಮ ಸೌಟು ಕೆಳಗಿಟ್ಟಳು.

"ನಿನ್ನ ನೋಟ್‌ಬುಕ್ ತಗೊಂಬಾರೋ. ನನ್ನ ಅಡುಗೆಮನೇಗೂ ಮೂರು ಹೊತ್ತು ಗಿರಾಕಿ ಅದೀರಿ, ಒಬ್ಬರೂ ಹೇಳಿದ ಹೊತ್ತಿಗೆ ಬರಲ್ಲ. ಬರಿ. ಮಧ್ಯಾಹ್ನ ಒಂದೂವರೆ, ಸಂಜೆ ಏಳೂವರೆ. ತಡವಾದ್ರೆ ತಣ್ಣಗೆ ಉಣ್ಣಬೇಕು. ತಟ್ಟೆ ಅವರವರೇ ತೊಳೀಬೇಕು. ಎರಡು ಕೊಡ ನೀರು ನೀನು ತರಬೇಕು, ತರಕಾರಿ ನಿಮ್ಮಪ್ಪ ತರಬೇಕು. ಕೊನೇ ಸಾಲು ದಪ್ಪಗೆ ಬರಿ. ಮಜ್ಜಿಗೆ ತೆಳ್ಳಗಾಯ್ತು ಅನ್ನೋರು ಮುಂದಿನ ಮನೆಗೆ ಹೋಗಬಹುದು."

"ಇದಕ್ಕೆ ತಾರೀಕು?" ಎಂದು ವಾಮದೇವಪ್ಪ ಕೇಳಿದ, ಅಭ್ಯಾಸದಿಂದ.

"ಇವತ್ತಿಂದ."

ಹಾಳೆ ಅಡುಗೆಮನೆ ಬಾಗಿಲಿಗೆ ಅಂಟಿತು. ಮಾರನೆಯ ದಿನ ಪಂಚಾಕ್ಷರಪ್ಪ ಚೀಲ ಹಿಡಿದು ತರಕಾರಿಗೆ ಹೋದ. ಅಲ್ಲಿ ಬದನೆಕಾಯಿ ಮಾರುವ ಕಾಳವ್ವ ಅವನಿಗೆ "ತಗೊಳ್ಳೋದಾದ್ರೆ ತಗೋ, ಹಿಚುಕಬ್ಯಾಡ, ಮುಂದೆ ಹೋಗು" ಎಂದಳು. ಅವನು ಹಾಗೇ ನಿಂತುಬಿಟ್ಟ. ಬೇರೆಯವರ ಬಾಯಲ್ಲಿ ಆ ಮಾತು ಎಷ್ಟು ಒರಟು ಎಂದು ಅವನಿಗೆ ಅವತ್ತೇ ಗೊತ್ತಾಗಿದ್ದು. ಮನೆಯಲ್ಲಿ ಮಾತ್ರ ಹೇಳಲಿಲ್ಲ.

ನವರಾತ್ರಿ ಬಂತು. ಪಂಚಾಕ್ಷರಪ್ಪನಿಗೆ ಕಡರನಾಯಕನಹಳ್ಳಿಯಲ್ಲಿ ಒಂದಿಷ್ಟು ಭತ್ತದ ಗದ್ದೆ ಇತ್ತು. ನೀರಿನ ಜಗಳ ಬಗೆಹರಿಸಲು ಎರಡು ದಿನ ಅಲ್ಲಿಗೆ ಹೋದ. ಹೋಗುವಾಗ ಸರಕು ಇಡುವ ಹಿಂದಿನ ಕೋಣೆಯ ಬೀಗದ ಕೈ ಅಡುಗೆಮನೆ ಮೊಳೆಗೆ ಹಾಕಿದ.

ಅವನು ಇದ್ದಾಗ ಯಾವ ಸರಕು ಮುಗಿಯಿತು ಎನ್ನುವುದು ಅವನ ತಲೆಯಲ್ಲೇ ಇರುತ್ತಿತ್ತು, ಬೆಳಿಗ್ಗೆ ಮಗನಿಗೆ ಕೂಗಿ ಹೇಳುತ್ತಿದ್ದ. ಅವನಿಲ್ಲದ ಮೊದಲ ಸಂಜೆ ಕೊಟ್ರವ್ವ ಮೂಟೆಗಳನ್ನು ನೋಡಿದಳು. ಹೋಳಿಗೆಗೆ ಬೇಕಾದ ಕಡಲೆಬೇಳೆ ತಳ ಕಂಡಿತ್ತು, ಬೆಲ್ಲ ಒಂದೇ ಅಚ್ಚು ಉಳಿದಿತ್ತು, ಅರಿಸಿನವೂ ಮುಗಿದಿತ್ತು. ಸ್ಲೇಟು ಎತ್ತಿಕೊಂಡಳು. 'ಇಲ್ಲ' ಎನ್ನುವ ಮಾತು ಅಂಗಡಿಯಲ್ಲಿ ಇರಬಾರದು ಎಂದು ಗಂಡನೇ ಗುರಿ ಹಾಕಿದ್ದಾನೆ. ಅದೂ ಅಲ್ಲದೆ ಹಬ್ಬದ ಹೊತ್ತಿನಲ್ಲಿ ಅರಿಸಿನ ಇಲ್ಲ, ಬೆಲ್ಲ ಮುಗಿಯಿತು ಎಂದು ಯಾವ ಹೆಣ್ಣುಮಗಳು ಬರೆಯುತ್ತಾಳೆ? ಅವಳು ತನ್ನವ್ವ ಹೇಳುವ ಹಾಗೆ, ಅತ್ತೆ ಹೇಳುವ ಹಾಗೆ, ದುಂಡಗೆ ಬರೆದಳು: "ಕಡಲೆಬೇಳೆ ಹೆಚ್ಚಾಗಿದೆ. ಬೆಲ್ಲ ಹೆಚ್ಚಾಗಿದೆ. ಅರಿಸಿನ ಹೆಚ್ಚಾಗಿದೆ."

ಬೆಳಿಗ್ಗೆ ಐದೂವರೆಗೆ ವಾಮದೇವಪ್ಪ ಸ್ಲೇಟು ಓದಿದ. ಅವನಿಗೆ ಖುಷಿಯಾಯಿತು. ಅಪ್ಪ ಹಬ್ಬಕ್ಕೆಂದು ಮೊದಲೇ ತಂದು ಹಿಂದಿನ ಕೋಣೆಯಲ್ಲಿ ತುಂಬಿಸಿ ಹೋಗಿದ್ದಾರೆ ಎಂದುಕೊಂಡ. ಬೀಗ ತೆಗೆದು ನೋಡಲಿಲ್ಲ. ಶಿಬಿರಕ್ಕೆ ಹೋಗಿ ಬಂದವರು ಮೂಟೆ ಮುಟ್ಟಿ ನೋಡುವುದು ಕಡಿಮೆ. ಮಂಡಿಪೇಟೆಯಿಂದ ರವೆ, ಎಣ್ಣೆ, ಕೊಬ್ಬರಿ ತಂದ. ಅವತ್ತು ಹಬ್ಬದ ಹಿಂದಿನ ದಿನ, ಬಂದವನೇ ಅಂಗಡಿ ಮುಂದೆ ಒಂದು ಹಲಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಬರೆದ: "ಹಬ್ಬಕ್ಕೆ ಕಡಲೆಬೇಳೆ, ಬೆಲ್ಲ, ಅರಿಸಿನ ಬೇಕಾದಷ್ಟು ದೊರೆಯುತ್ತದೆ."

ಹತ್ತು ಗಂಟೆಗೆ ಅಂಗಡಿ ಮುಂದೆ ಹದಿನಾರು ಹೆಂಗಸರು ಚೀಲ ಹಿಡಿದು ನಿಂತಿದ್ದರು. ಹೊಸ ಅಂಗಡಿಯಲ್ಲಿ ಕಡಲೆಬೇಳೆ ಆಗಲೇ ಖಾಲಿಯಾಗಿತ್ತು. ಶಬ್ಬೀರ್ ಹಿಂದಿನ ಕೋಣೆಗೆ ಹೋಗಿ ಬರಿಗೈಯಲ್ಲಿ ಬಂದ.

"ಅಣ್ಣಾರೆ, ಅಲ್ಲಿ ಎರಡು ಖಾಲಿ ಚೀಲ, ಒಂದು ಬೆಕ್ಕು ಐತೆ."

"ಹೆಚ್ಚಾಗೈತೆ ಅಂತ ಬರ್ದೈತಲ್ಲೋ," ಎಂದು ವಾಮದೇವಪ್ಪ ಸ್ಲೇಟು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದ.

ಎದುರು ಮನೆಯ ಮುದುಕಿ ತಿಮ್ಮವ್ವ ನಗಲಿಕ್ಕೆ ಶುರುಮಾಡಿದಳು. ಹದಿನಾರೂ ಹೆಂಗಸರು ನಕ್ಕರು.

"ಏನಪ್ಪ ವಾಮದೇವ," ಎಂದಳು ತಿಮ್ಮವ್ವ, "ನಿಮ್ಮವ್ವ ಮನೇಲಿ ಉಪ್ಪು ಹೆಚ್ಚಾಗೈತೆ ಅಂದಾಗ ನೀನು ಉಪ್ಪು ತರ್ತೀಯೋ, ಮನೇಲಿರೋದನ್ನ ಮಾರಾಕೆ ಹೋಗ್ತೀಯೋ?"

ದಿಲ್ಷಾದ್ ಬೇಗಂ ಕಣ್ಣೊರೆಸಿಕೊಂಡರು. "ನಮ್ಮಲ್ಲೂ ಹಿಂಗೇ ಅಣ್ಣಾರೆ. ಬಳೆ ಒಡೀತು ಅನ್ನಲ್ಲ, 'ಬಢ್ ಗಯೀ' ಅಂತೀವಿ, ಹೆಚ್ಚಾದವು ಅಂತ. ಇದು ಹೆಂಗಸರಿಗೆಲ್ಲ ಗೊತ್ತು. ಶಿಬಿರದಾಗೆ ಹೇಳಿಕೊಡಲಿಲ್ವಾ?"

ಅದೇ ಹೊತ್ತಿಗೆ ಪಂಚಾಕ್ಷರಪ್ಪ ಕಡರನಾಯಕನಹಳ್ಳಿಯಿಂದ ಬಂದು ಚೀಲ ಕೆಳಗಿಟ್ಟ. ಹಲಗೆ ಓದಿದ, ಸ್ಲೇಟು ಓದಿದ, ಶಬ್ಬೀರನ ಮುಖ ನೋಡಿದ. ಲವಂಗದ ಡಬ್ಬಿ ದೂರ ಇತ್ತು.

"ಮುಗೀತು. ಕೊಟ್ರವ್ವ, ಒಳಗೆ ನಡಿ. ದೀಪಾವಳಿ ಗೀಪಾವಳಿ ಏನಿಲ್ಲ, ಇವತ್ತಿಗೇ ಮುಗೀತು. ಇಪ್ಪತ್ತೆಂಟು ವರ್ಷದಾಗೆ ನನ್ನ ಅಂಗಡೀಲಿ ಇಲ್ಲದ್ದನ್ನ ಐತೆ ಅಂತ ಯಾರೂ ಬರ್ದಿರಲಿಲ್ಲ."

ಒಳಗಿಂದ ಓಡಿಬಂದಿದ್ದ ಕೊಟ್ರವ್ವನ ಕೈಗೆ ಹಿಟ್ಟು ಹತ್ತಿತ್ತು. ಅವಳ ಮುಖ ಸಪ್ಪಗಾಯಿತು. ಎರಡು ಹೆಜ್ಜೆ ಹಿಂದೆ ಸರಿದಳು. ಆಮೇಲೆ ನಿಂತಳು. ಹೊರಗೆ ಹೆಂಗಸರು ಚೀಲ ಮಡಚಿಕೊಳ್ಳುತ್ತಿದ್ದರು.

"ಬೈಯೋದು ಸಂಜೆ ಬೈರಿ ಮಾವಾರೆ. ಇವರು ಬರಿಗೈಲಿ ಹೋಗ್ತಾ ಅದಾರೆ." ಅವಳು ಹಿಟ್ಟಿನ ಕೈಯಲ್ಲೇ ಒಂದು ಹಾಳೆ, ಪೆನ್ಸಿಲು ಹಿಡಿದಳು. "ಅಕ್ಕಾರೆ, ಯಾರೂ ಹೋಗಬ್ಯಾಡ್ರಿ. ಹೆಸರು ಹೇಳ್ರಿ, ಎಷ್ಟು ಬೇಕು ಹೇಳ್ರಿ. ಸಂಜೆ ದೀಪ ಹಚ್ಚೋ ಹೊತ್ತಿಗೆ ನಿಮ್ಮ ಮನೆ ಬಾಗಿಲಿಗೆ ಬರ್ತೈತೆ."

"ಎಲ್ಲಿಂದ ಬರ್ತೈತೆ?" ಎಂದು ಪಂಚಾಕ್ಷರಪ್ಪ ಹಲ್ಲು ಕಚ್ಚಿ ಕೇಳಿದ. "ಹಬ್ಬದ ಹಿಂದಿನ ದಿನ ಮಂಡಿಪೇಟೆ ಈ ಹೊತ್ತಿಗೆ ಗುಡಿಸಿಟ್ಟಂಗೆ ಇರ್ತೈತೆ."

"ಹರಿಹರದಾಗೆ ನಮ್ಮ ಸೋದರಮಾವನ ಮಂಡಿ ಐತಲ್ಲ. ಇವರು, ಶಬ್ಬೀರಣ್ಣ ಈಗಲೇ ಬಸ್ ಹತ್ತಲಿ."

ಅವಳು ಬರೆಯುತ್ತಲೇ ಹೋದಳು. ಹೊಸ ಬಡಾವಣೆಯ ಮನೆಗಳಿಗೆ ನಂಬರು ಸರಿಯಾಗಿ ಇರಲಿಲ್ಲ. ಹಸಿರು ಗೇಟು, ಕಟ್ಟೆ ಇಲ್ಲದ ಬಾವಿ, ಎಮ್ಮೆ ಕಟ್ಟಿದ ಮನೆ ಎಂದೆಲ್ಲ ಗುರುತು ಹಾಕಿಕೊಂಡಳು. ಒಬ್ಬರೂ ಸಿಟ್ಟಾಗಿ ಹೋಗಲಿಲ್ಲ, ನಗುತ್ತಾ ಹೋದರು.

ನಾಲ್ಕು ಗಂಟೆಗೆ ವಾಮದೇವಪ್ಪ ಮತ್ತು ಶಬ್ಬೀರ್ ಹರಿಹರದ ಬಸ್ಸಿನ ಟಾಪಿನಿಂದ ಒಂದು ಮೂಟೆ ಕಡಲೆಬೇಳೆ, ಬೆಲ್ಲ, ಅರಿಸಿನ ಇಳಿಸಿದರು. ಇಡೀ ಮನೆ ಪೊಟ್ಟಣ ಕಟ್ಟಲು ಕೂತಿತು. ಅನ್ನಪೂರ್ಣಮ್ಮ ಕೂಡ ಮಂಡಿ ನೋವು ಮರೆತು ದಾರ ಸುತ್ತಿದಳು. "ಪೊಟ್ಟಣ ಕಟ್ಟೋದು ರೊಟ್ಟಿ ಬಡಿಯೋದಕ್ಕಿಂತ ಹಗುರ ಐತಲ್ಲ," ಎಂದು ಗಂಡನ ಕಡೆ ನೋಡಿದಳು. "ಇಷ್ಟು ವರ್ಷ ದಣಿವು ದಣಿವು ಅಂತ ನನ್ನ ಕೈಲಿ ಕಾಲು ಒತ್ತಿಸ್ಕೊಂಡ್ರಲ್ಲ."

ಕೊಡಲು ಹೋಗುವವರು ಯಾರು? ಶಬ್ಬೀರನ ತೂಕವಿಲ್ಲದೆ ಸಂಜೆಯ ಗಿರಾಕಿ ನಿಲ್ಲುವುದಿಲ್ಲ, ವಾಮದೇವಪ್ಪನಿಗೆ ಆ ಬೀದಿಗಳಿಗೆ ಹೋಗಲು ನಾಚಿಕೆ. ಪಂಚಾಕ್ಷರಪ್ಪ ಜಟಕಾ ಕರೆಸಿ, ಪೊಟ್ಟಣ ತುಂಬಿಸಿ, ಸೊಸೆ ಬರೆದ ಹಾಳೆ ಹಿಡಿದು ತಾನೇ ಹತ್ತಿದ. ಹೋಗುವಾಗಲೂ ಗೊಣಗುತ್ತಲೇ ಇದ್ದ.

ಮೊದಲ ಮನೆಯ ಹೆಂಗಸು ಬಾಗಿಲು ತೆರೆದು ಕೇಳಿದಳು, "ಕೊಟ್ರವ್ವ ಬರ್ಲಿಲ್ವಾ?"

ಎರಡನೇ ಮನೆಯಲ್ಲಿ, "ಕೊಟ್ರವ್ವನ ಅಂಗಡಿಯೋರಾ? ಬರ್ರಿ."

ಐದನೇ ಮನೆಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಅವನನ್ನು ಜಗುಲಿಯಲ್ಲಿ ಕೂಡಿಸಿ ಮಜ್ಜಿಗೆ ಕೊಟ್ಟಳು. ಮೇಲಿಂದ ಕೆಳಗೆ ನೋಡಿದಳು. "ನೀವೇನಾ ಪಂಚಾಕ್ಷರಪ್ಪ? ಜನ ಹೇಳೋವಷ್ಟೇನು ಕೆಟ್ಟೋರಂಗೆ ಕಾಣಲ್ಲ."

ಅವನು ಮಜ್ಜಿಗೆ ಕುಡಿದ. ತೆಳ್ಳಗಿತ್ತು. ಏನೂ ಅನ್ನಲಿಲ್ಲ.

ಹದಿನಾರು ಬಾಗಿಲು ತಟ್ಟಿ ಅವನು ಏಳೂವರೆಗೆ ಸರಿಯಾಗಿ ಮನೆಗೆ ಬಂದ. ಊಟಕ್ಕೆ ಕೂತ. ಕೊಟ್ರವ್ವ ತಲೆ ತಗ್ಗಿಸಿ ಬಡಿಸಿದಳು. ಬೈಗುಳಕ್ಕೆ ಎಲ್ಲರೂ ಕಾದರು.

"ಎಂಟನೇ ಮನೆ ಗುರುತು ತಪ್ಪು ಬರ್ದೀಯ," ಎಂದ. "ಅದು ಎಮ್ಮೆ ಅಲ್ಲ, ಹಸು."

"ಹೂಂ ಮಾವಾರೆ."

"ದೀಪಾವಳಿ ತನಕ ಅಂದಿದ್ದೆ. ಅಲ್ಲೀ ತನಕ ಇರಲಿ. ಆಮೇಲೆ ನೋಡೋಣ."

'ಆಮೇಲೆ ನೋಡೋಣ' ಎಂಬ ಮಾತು ಮೂರು ವಾರ ಮನೆಯಲ್ಲಿ ಓಡಾಡಿತು. ವಾಮದೇವಪ್ಪ ಸ್ಲೇಟಿನ ಮೇಲೆ ಬಣ್ಣದಲ್ಲಿ 'ತರಬೇಕು' ಎಂದು ಬರೆಸಿದ. ದಿನಕ್ಕೆ ಬರಿಗೈಯಲ್ಲಿ ಹೋಗುವವರು ಮೂವರಾದರು, ಇಬ್ಬರಾದರು, ದೀಪಾವಳಿಯ ವಾರ ಒಬ್ಬರೂ ಇರಲಿಲ್ಲ. ಕೊಟ್ರವ್ವ ಒಂದು ಬೆಳಿಗ್ಗೆ ಗಂಡನನ್ನು ಕೇಳಿದಳು, "ಮಾವಾರು ಏನಾದ್ರೂ ಅಂದ್ರೇನ್ರಿ?"

"ನನಗೆ ಯಾವತ್ತು ಹೇಳ್ಯಾರೆ? ಅವ್ವನ ಕೇಳು."

"ಅತ್ತೆಮ್ಮನಿಗೇ ನಾನು ಒಲೆ ಮುಂದೆ ಬೇಕಾಗೀನಿ."

ಅತ್ತೆಯ ಮನಸ್ಸು ಬದಲಾದದ್ದು ಅವಳಿಗೆ ಗೊತ್ತಿರಲಿಲ್ಲ. ಹಬ್ಬದ ಮರುದಿನ ಮಧ್ಯಾಹ್ನ ಅಂಜಿನವ್ವ ಎಂಬ ಗಟ್ಟಿಮುಟ್ಟಾದ ಹೆಂಗಸು ಅಡುಗೆಮನೆಯಲ್ಲಿ ಕೂತು ಹಿಟ್ಟು ಜರಡಿ ಹಿಡಿಯುತ್ತಿದ್ದಳು.

"ಇವಳ್ಯಾರು?" ಎಂದು ಪಂಚಾಕ್ಷರಪ್ಪ ಕೇಳಿದ.

"ಅಂಜಿನವ್ವ. ಇವತ್ತಿಂದ ಸಂಜೆ ರೊಟ್ಟಿ ಬಡೀತಾಳೆ," ಎಂದಳು ಅನ್ನಪೂರ್ಣಮ್ಮ.

"ನನ್ನ ಕೇಳದೆ?"

"ನೀವು ಯಾವಾಗ ನನ್ನ ಕೇಳೀರಿ? ಬಜಾರದಾಗೆ ಎಲ್ಲಾರೂ ನನ್ನ ಕೊಟ್ರವ್ವನ ಅತ್ತೆ ಅಂತ ಮಾತಾಡಿಸ್ತಾರೆ. ನಿಮ್ಮ ಹೆಂಡತಿ ಅಂದಾಗ ಯಾರೂ ಹಿಂಗೆ ನಕ್ಕೊಂಡು ಮಾತಾಡಿಸಿರಲಿಲ್ಲ. ಅವಳನ್ನ ಒಳಗೆ ಕರೆದ್ರೆ ನಾನು ತವರಿಗೆ ಹೋಗ್ತೀನಿ."

"ಕರೀತೀನಿ ಅಂತ ಯಾರು ಹೇಳಿದ್ರು?"

"ಬಿಡ್ತೀನಿ ಅಂತಾನೂ ಹೇಳಿಲ್ಲ."

ಅವನು ಚಪ್ಪಲಿ ಮೆಟ್ಟಿ ಹೊರಟ. ಅರ್ಧ ಗಂಟೆಯಲ್ಲಿ ಬಡಗಿ ಜಮಾಲ್ ಸಾಬನನ್ನು ಕರೆದುಕೊಂಡು ಅಂಗಡಿಗೆ ಬಂದ. ಜಮಾಲ್ ಸಾಬ್ ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು, ಮಡಚುವ ಅಳತೆಪಟ್ಟಿ ಬಿಚ್ಚಿದ.

"ಗಲ್ಲಾದ ಹತ್ರ ಒಂದು ಕುರ್ಚಿ," ಎಂದ ಪಂಚಾಕ್ಷರಪ್ಪ. "ಎತ್ತರ ಬೇಕು. ಹಿಂದೆ ಒರಗಾಕೆ ಹಲಗೆ. ಕೆಳಗೆ ಕಾಲಿಡಾಕೆ ಒಂದು ಪಟ್ಟಿ."

"ನಿಮ್ಮ ಕಾಲು ನೆಲಕ್ಕೆ ಮುಟ್ತಾವಲ್ಲ ಸಾವ್ಕಾರ್ರೆ, ಪಟ್ಟಿ ಯಾಕ?"

"ನನಗೆ ಅಂತ ಯಾರು ಹೇಳಿದ್ರು? ಕೊಟ್ರವ್ವ, ಬಾ ಇಲ್ಲಿ. ಆ ಅಕ್ಕಿ ಮೂಟೆ ಮೇಲೆ ಕೂಡ್ರು. ಅಳತೆ ತಗೋತಾನೆ."

ಕೊಟ್ರವ್ವ ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಅನ್ನಪೂರ್ಣಮ್ಮ, ಅವಳ ಹಿಂದೆ ಜರಡಿ ಹಿಡಿದ ಅಂಜಿನವ್ವ. ಶಬ್ಬೀರ್ ತಕ್ಕಡಿ ಕೆಳಗಿಟ್ಟ. ಅವಳು ಬಂದು ಮೂಟೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಜಮಾಲ್ ಸಾಬ್ ಗೋಡೆಯ ಮೇಲೆ ಎರಡು ಗೆರೆ ಎಳೆದ.

"ಮಾವಿನ ಹಲಗೆ ಹಾಕ್ತೀನಿ," ಎಂದ. "ನಾಲ್ಕೈದು ವರ್ಷಕ್ಕೆ ಮೋಸ ಇಲ್ಲ."

"ನಾಲ್ಕೈದು ವರ್ಷ ಅಂತ ನಿನ್ನ ಯಾರು ಕೇಳಿದ್ರು?" ಎಂದು ಪಂಚಾಕ್ಷರಪ್ಪ ಗದರಿದ. "ಸಾಗುವಾನಿ ಹಾಕು."